ಕಚ್ಚುವ ಪೆಟ್ಟಿಗೆ

ತುಮಕೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ಕಂಪ್ಯೂಟರು ಬಂದಾಗ ಅದಕ್ಕೆ ಮೊದಲು ಸಿಕ್ಕಿದ್ದು ಅರಿಸಿನ ಕುಂಕುಮ, ಆಮೇಲೆ ಬೀಗ. ಸರ್ಕಾರ ಕಳಿಸಿದ ಯಂತ್ರವನ್ನು ಹೆಡ್‌ಮಾಸ್ಟರು ಲ್ಯಾಬಿನ ಪಕ್ಕದ ಕೋಣೆಯಲ್ಲಿಟ್ಟು, ಕಿಟಕಿಗೆ ಪರದೆ ಕಟ್ಟಿಸಿ, ಬೀಗದ ಕೈಯನ್ನು ತಮ್ಮ ಜನಿವಾರಕ್ಕೆ ಕಟ್ಟಿಕೊಂಡರು. ಮಕ್ಕಳು ವಾರಕ್ಕೊಮ್ಮೆ ಸಾಲಾಗಿ ಬಂದು ದೂರದಿಂದ ದರ್ಶನ ಮಾಡಿಕೊಂಡು ಹೋಗಬಹುದಿತ್ತು, ಅಷ್ಟೆ. ಅದನ್ನು ಮುಟ್ಟುವ ಅಧಿಕಾರವಿದ್ದದ್ದು ಗಣಿತದ ಟೀಚರು ಕೌಸಲ್ಯಮ್ಮನವರೊಬ್ಬರಿಗೆ. ಏಕೆಂದರೆ ಬೇಸಿಗೆ ರಜೆಯಲ್ಲಿ ಕಂಪ್ಯೂಟರು ಟ್ರೈನಿಂಗಿಗೆ ಹೋಗುವುದನ್ನು ಗಂಡಸು ಮೇಷ್ಟ್ರುಗಳೆಲ್ಲ ಒಂದೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದರು.

ಕೌಸಲ್ಯಮ್ಮ ಕುಣಿಗಲ್ಲಿನವರು. ಅಪ್ಪ ಸೀತಾರಾಮಯ್ಯ ಅಲ್ಲಿ ಮಿಡ್ಲ್‌ಸ್ಕೂಲು ಮೇಷ್ಟ್ರು. ಮಗಳಿಗೆ ಲೆಕ್ಕದ ಹುಚ್ಚು ಹಿಡಿಸಿದ್ದು ಅವರು. ಹುಲಿ-ಕುರಿ ಆಟದ ಹುಚ್ಚನ್ನು ಮಗಳು ತಾನೇ ಹಿಡಿಸಿಕೊಂಡಳು. ಗುಡಿಯ ಜಗಲಿಯ ಕಲ್ಲಿನ ಮೇಲೆ ಯಾವ ಕಾಲದಲ್ಲೋ ಯಾರೋ ಕೊರೆದಿಟ್ಟ ಮನೆಗಳಿದ್ದವು. ಒಬ್ಬರಿಗೆ ಹುಲಿ, ಇನ್ನೊಬ್ಬರಿಗೆ ಕುರಿ. ಹುಲಿ ಕುರಿಯನ್ನು ಹಾರಿ ತಿನ್ನಬೇಕು; ಕುರಿಗಳೆಲ್ಲ ಒಟ್ಟಾಗಿ ಹುಲಿಯನ್ನು ಕದಲದಂತೆ ಕಟ್ಟಿಹಾಕಬೇಕು. ಗಂಡುಹುಡುಗರು ಹುಲಿಗಾಗಿ ಕಿತ್ತಾಡುತ್ತಿದ್ದರೆ ಕೌಸಲ್ಯ ಕುರಿಗಳನ್ನೇ ಕೇಳಿ ತೆಗೆದುಕೊಂಡು ಅವರ ಮೀಸೆ ಮಣ್ಣು ಮಾಡುತ್ತಿದ್ದಳು. ದೊಡ್ಡವಳಾದ ಮೇಲೆ ಜಗಲಿಗೆ ಹೋಗುವುದು ನಿಂತಿತು. ಓದು, ಕೆಲಸ, ಮದುವೆ ಎಂದು ಎಪ್ಪತ್ತರ ದಶಕ ಕಳೆದೇ ಹೋಯಿತು.

ಆ ಬೀಗದ ಕೋಣೆಯಲ್ಲಿ ಒಂಟಿಯಾಗಿ ಕೂತಾಗ ಹಳೆಯ ಹುಚ್ಚು ಮತ್ತೆ ಕೆರಳಿತು. ಶಾಲೆ ಬಿಟ್ಟ ಮೇಲೆ ಸ್ವಲ್ಪ ಸ್ವಲ್ಪವಾಗಿ ಬರೆದು ಬರೆದು ಕೌಸಲ್ಯಮ್ಮ ಆ ಯಂತ್ರಕ್ಕೆ ಹುಲಿಯಾಗುವುದನ್ನು ಕಲಿಸಿದರು. ಆಡುವವರಿಗೆ ಕುರಿಗಳು, ಯಂತ್ರಕ್ಕೆ ಹುಲಿ. ಅದು ಎಂಥ ಹುಲಿಯಾಯಿತೆಂದರೆ ಒಂದು ಸಂಜೆ ಸ್ವತಃ ಅವರನ್ನೇ ಸೋಲಿಸಿತು. ಸೋತವರು ಯಾರಾದರೂ ಮುಖ ಗಂಟು ಹಾಕಿಕೊಂಡಾರು. ಕೌಸಲ್ಯಮ್ಮ ಕುರ್ಚಿಯಲ್ಲಿ ಕೂತು ಹುಡುಗಿಯಂತೆ ನಕ್ಕರು.

ಗಂಡ ವೆಂಕಟೇಶಯ್ಯ ಅಂತರಸನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದವರು. ಸಂಜೆ ಮನೆಯ ಪಡಸಾಲೆಯಲ್ಲೇ ಟೀವಿ ರಿಪೇರಿ. ಕೈಯಲ್ಲಿ ಕಸುಬು ಚೆನ್ನಾಗಿತ್ತು, ತಾಳ್ಮೆ ಸಾಲದು. ಹೆಂಡತಿಯ ಆಟವನ್ನು ಒಮ್ಮೆ ನೋಡಿದ್ದೇ ಅವರ ತಲೆಯಲ್ಲಿ ಹುಳು ಹೊಕ್ಕಿತು.

"ಕೌಸಲ್ಯ, ಇದನ್ನ ನಾಲ್ಕು ಜನ ಆಡ್ಬೇಕು ಕಣೇ. ಬೀಗ ಹಾಕಿರೋ ರೂಮಲ್ಲಿ ಇಟ್ಕೊಂಡು ಏನು ಪೂಜೆ ಮಾಡ್ತೀಯಾ?"

"ಎಲ್ಲಿ ಆಡ್ತಾರೆ ರೀ? ಯಾರ ಹತ್ರ ಇದೆ ಈ ಮಷೀನು?"

ಪ್ರಶ್ನೆ ಅದೇ ಆಗಿತ್ತು. ಆಟ ಯಾವ ಯಂತ್ರದ ಮೇಲೆ ಬದುಕಬೇಕು? ಇಬ್ಬರೂ ಊಟದ ಹೊತ್ತೆಲ್ಲ ಇದನ್ನೇ ಅಗಿದರು. ಶಾಲೆಯ ಯಂತ್ರಕ್ಕೇ ಬಿಟ್ಟು ಆಟವನ್ನು ಕ್ಯಾಸೆಟ್ಟಿಗೆ ತುಂಬಿ ಬೇರೆ ಶಾಲೆಗಳಿಗೆ ಮಾರಬಹುದಿತ್ತು. ಆದರೆ ಆಟ ಎಂದರೆ ಮೂಗು ಮುರಿಯದ ಹೆಡ್‌ಮಾಸ್ಟರು ಇನ್ನೂ ಹುಟ್ಟಿರಲಿಲ್ಲ. ಟೀವಿಗೆ ಸಿಗಿಸಿಕೊಳ್ಳುವ ಮನೆ ಕಂಪ್ಯೂಟರು ಅಂತ ಒಂದು ಬಂದಿತ್ತು. ತುಮಕೂರಿನಲ್ಲಿ ಅದು ಇದ್ದದ್ದು ಒಬ್ಬ ಡಾಕ್ಟರ ಮನೆಯಲ್ಲಿ ಮತ್ತು ಒಬ್ಬ ಕೊಬ್ಬರಿ ಮಂಡಿ ಸಾಹುಕಾರರ ಮನೆಯಲ್ಲಿ. ಸಾಹುಕಾರರು ಅದರ ಮೇಲೆ ಕ್ರೋಷಾ ಹೆಣಿಗೆಯ ಬಟ್ಟೆ ಹೊದಿಸಿ ಹೂದಾನಿ ಇಟ್ಟಿದ್ದರು. ಉಳಿದದ್ದು ಕಾಸು ಹಾಕಿ ಆಡುವ ಪೆಟ್ಟಿಗೆ. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಅಂಥ ಪೆಟ್ಟಿಗೆಗಳ ಮುಂದೆ ಜನ ಮುಗಿಬೀಳುವುದನ್ನು ವೆಂಕಟೇಶಯ್ಯ ಕಣ್ಣಾರೆ ಕಂಡಿದ್ದರು.

"ಬಸ್‌ಸ್ಟ್ಯಾಂಡಲ್ಲಿ ಇಟ್ರೆ ಸಾಕು. ಓದು ಬರದೋರೂ ಆಡ್ತಾರೆ. ಆದ್ರೆ ಆಟ ನಿಂದು, ನೀನೇ ಹೇಳು" ಎಂದರು.

ಶಾಲೆಯ ಯಂತ್ರವೇ ಸಾಕು, ನಿಧಾನವಾಗಿ ನೋಡೋಣ ಎಂಬ ಮಾತು ಕೌಸಲ್ಯಮ್ಮನವರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಣ್ಣ ಮುಂದೆ ಒಂದು ಬಸ್‌ಸ್ಟ್ಯಾಂಡು ಬಂದು ನಿಂತಿತು. ತನ್ನ ಹೆಸರೇ ಗೊತ್ತಿಲ್ಲದ ಜನ ತನ್ನ ಹುಲಿಯ ಮುಂದೆ ಕೂತು ತಲೆ ಕೆರೆದುಕೊಳ್ಳುತ್ತಿದ್ದರು. ಆ ಆಸೆ ಎಷ್ಟು ಸಿಹಿಯಾಗಿತ್ತೆಂದರೆ ಅದನ್ನು ಉಗುಳಲಾಗಲಿಲ್ಲ.

"ಪೆಟ್ಟಿಗೇನೇ ಮಾಡೋಣ" ಎಂದುಬಿಟ್ಟರು.

ಮುಂದೆ ಜನ ಇದನ್ನೆಲ್ಲ ವೆಂಕಟೇಶಯ್ಯನ ದುರಾಸೆ ಎಂದು ಆಡಿಕೊಂಡರು. ಅದು ಸುಳ್ಳು. ಆರಿಸಿದವರು ಕೌಸಲ್ಯಮ್ಮನೇ. ವಿನಾಶಕಾಲಕ್ಕೆ ಬುದ್ಧಿ ವಿಪರೀತವಾಗುವುದು ಗಂಡಸರಿಗೆ ಮಾತ್ರ ಎಂದು ಯಾವ ಶಾಸ್ತ್ರವೂ ಹೇಳಿಲ್ಲ.

ಪೆಟ್ಟಿಗೆಗೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಸರ್ಕ್ಯೂಟ್ ಬೋರ್ಡಿನ ಮಿದುಳೇ ಬೇರೆ. ಶಾಲೆಯ ಯಂತ್ರಕ್ಕೆ ಬರೆದ ಒಂದು ಸಾಲೂ ಇದಕ್ಕೆ ತಿಳಿಯುತ್ತಿರಲಿಲ್ಲ. ಕೌಸಲ್ಯಮ್ಮ ಮೊದಲಿಂದ ಕೂತು ಬರೆದರು. ಜಾಗ ಸಾಲದೆ ಹುಲಿಯ ಬಾಲ ಹೋಯಿತು, ಕುರಿಗಳ ಕಾಲು ಹೋಯಿತು. ಕೊನೆಗೆ ಇಡೀ ಆಟ ಐಸಿ ಎಂಬ ಬೆರಳುದ್ದದ ಒಂದು ಚಿಪ್ಪಿನೊಳಗೆ ಹೋಗಿ ಕೂತಿತು. ಅಷ್ಟರಲ್ಲಿ ಶಾಲೆಗಿದ್ದ ಒಂದೇ ಕ್ಯಾಸೆಟ್ಟಿನ ಮೇಲೆ ಹೆಡ್‌ಮಾಸ್ಟರು ಕೌಸಲ್ಯಮ್ಮನವರ ಕೈಯಿಂದಲೇ ಪರೀಕ್ಷೆಯ ಅಂಕಪಟ್ಟಿ ತುಂಬಿಸಿಬಿಟ್ಟಿದ್ದರು. ಹಾಗಾಗಿ ಹುಲಿ ಇದ್ದದ್ದು ಆ ಐಸಿಯಲ್ಲಿ ಮಾತ್ರ.

ಚಿತ್ರ ತೋರಿಸಲು ವೆಂಕಟೇಶಯ್ಯ ಒಂದು ಹಳೆಯ ಟೀವಿ ಹಾಕಿದರು. ಆಂಟೆನಾ ಸಿಗಿಸುವ ತೂತಿನಿಂದ ಚಿತ್ರ ಬಿಟ್ಟರೆ ಎಲ್ಲ ಮಸಕು.

"ಕುರಿಗಳು ರಾಗಿಮುದ್ದೆ ಥರ ಕಾಣ್ತಿವೆ" ಎಂದು ಕೌಸಲ್ಯಮ್ಮ ಬೇಸರಪಟ್ಟರು.

ಅದಕ್ಕೆ ವೆಂಕಟೇಶಯ್ಯ ಟೀವಿಯ ಹೊಟ್ಟೆ ಬಿಚ್ಚಿ ಬೋರ್ಡಿನ ವೈರನ್ನು ನೇರವಾಗಿ ಒಳಗೇ ಬೆಸೆದರು. ಕುರಿಗಳು ಕಣ್ಣು ಕುಕ್ಕುವಷ್ಟು ಚೆನ್ನಾಗಿ ಕಂಡವು. ಆಟದ ಗುಂಡಿಗಳನ್ನು ಪೆಟ್ಟಿಗೆಯ ಮುಂದಿನ ಅಲ್ಯೂಮಿನಿಯಂ ತಗಡಿಗೆ ಕೂರಿಸಿದ್ದರು. ಹಿತ್ತಲು ತೊಳೆದು ಒದ್ದೆ ಕಾಲಲ್ಲಿ ಬಂದ ಕೌಸಲ್ಯಮ್ಮ ಅದರ ಮೇಲೆ ಅಂಗೈ ಇಟ್ಟವರೇ ಚೀರಿ ಹಿಂದಕ್ಕೆ ಬಿದ್ದರು.

ಟೆಸ್ಟರು ಇಟ್ಟು ನೋಡಿದ ವೆಂಕಟೇಶಯ್ಯನ ಮುಖ ಬಿಳಿಚಿತು. ಆಗಿನ ಅಗ್ಗದ ಟೀವಿಗಳ ಒಳಗಿನ ತಗಡಿಗೆ ಕರೆಂಟಿನ ಎರಡು ವೈರುಗಳಲ್ಲಿ ಒಂದನ್ನು ನೇರವಾಗಿ ಸೇರಿಸಿರುತ್ತಿದ್ದರು. ಪ್ಲಗ್ಗು ಸರಿಯಾಗಿ ಹಾಕಿದರೆ ಏನೂ ಇಲ್ಲ. ತಿರುಗಿಸಿ ಹಾಕಿದರೆ ಒಳಗಿನ ಲೋಹಕ್ಕೆಲ್ಲ ಮನೆಯ ಕರೆಂಟು ಹರಿಯುತ್ತದೆ. ಟೀವಿಗೆ ಮರದ ಕವಚವಿರುವುದರಿಂದ ಯಾರಿಗೂ ತಾಗುವುದಿಲ್ಲ. ಇಲ್ಲಿ ಅವರೇ ಬೆಸೆದ ವೈರಿನಿಂದ ಅದು ಹೊರಗಿನ ತಗಡಿನವರೆಗೆ ಬಂದಿತ್ತು.

"ಕರೆಂಟಿಗೂ ಟೀವಿಗೂ ಮಧ್ಯೆ ಒಂದು ಟ್ರಾನ್ಸ್‌ಫಾರ್ಮರು ಹಾಕಿದ್ರೆ ಈ ತಾಪತ್ರಯವೇ ಇರಲ್ಲ" ಎಂದರು ವೆಂಕಟೇಶಯ್ಯ. "ಆದ್ರೆ ತಂತಿ ಸುತ್ತಿಸಿ ತರೋಕೆ ಬಹಳ ದಿನ ಹಿಡಿಯತ್ತೆ. ಗುಬ್ಬಿ ಹೋಟ್ಲು ರಾಮಾಂಜಿನಯ್ಯ ಪೆಟ್ಟಿಗೆ ಶ್ರಾವಣಕ್ಕೇ ಬೇಕು ಅಂತ ಕೂತಿದಾನೆ. ಮೂರು ಪಿನ್ನಿನ ಪ್ಲಗ್ಗು ಹಾಕ್ತೀನಿ. ತಿರುಗಿಸಿ ಹಾಕೋಕೆ ಆಗೋದೇ ಇಲ್ಲ."

ಕೌಸಲ್ಯಮ್ಮ ಅಂಗೈ ಉಜ್ಜಿಕೊಳ್ಳುತ್ತ ಹೂಂ ಎಂದರು. ಕಾಯಲು ಅವರಿಗೂ ಮನಸ್ಸಿರಲಿಲ್ಲ.

ಗುಬ್ಬಿಯ ಬಸ್‌ಸ್ಟ್ಯಾಂಡಿನ ಎದುರು ರಾಮಾಂಜಿನಯ್ಯನ ಹೋಟ್ಲು. ಸಂತೆಗೆ ಬಂದವರು, ತೆಂಗಿನಕಾಯಿ ಲಾರಿಯವರು, ಚೇಳೂರು ಬಸ್ಸು ತಪ್ಪಿಸಿಕೊಂಡವರು ಎಲ್ಲರೂ ಅಲ್ಲಿಗೇ. ಪೆಟ್ಟಿಗೆಯನ್ನು ಅವನು ಕೊಂಡು, ಕುಂಕುಮವಿಟ್ಟು, ಕಾಯಿ ಒಡೆದು ಮೂಲೆಯಲ್ಲಿ ನಿಲ್ಲಿಸಿದ. ಜನ ಕವಿದುಕೊಂಡರು. ಗಲ್ಲಾದಲ್ಲಿ ಕೂತಿದ್ದ ಅವನ ಹೆಂಡತಿ ಭದ್ರಮ್ಮ ಕತ್ತು ಉದ್ದ ಮಾಡಿ ನೋಡಿದರೂ ಗಂಡಸರ ಬೆನ್ನಲ್ಲದೆ ಇನ್ನೇನೂ ಕಾಣಲಿಲ್ಲ.

"ನಾನೂ ಹುಡ್ಗಿಯಾಗಿದ್ದಾಗ ಚೇಳೂರಲ್ಲಿ ಹುಲಿ ಕುರಿ ಆಡಿವ್ನಿ ಕಣ್ ಟೀಚರಮ್ಮ" ಎಂದಳು, ಗಂಡನ ಜೊತೆ ಬಂದಿದ್ದ ಕೌಸಲ್ಯಮ್ಮನವರಿಗೆ ಕಾಫಿ ತಂದುಕೊಟ್ಟು. "ಈ ಗಂಡಸ್ರ ಮಧ್ಯೆ ನಾನೆಲ್ ನಿಂತ್ಕಳ್ಳಿ?"

ಕೌಸಲ್ಯಮ್ಮನವರಿಗೆ ತಮ್ಮ ಜಗಲಿ ನೆನಪಾಯಿತು. "ಬೆಳಿಗ್ಗೆ ಹೋಟ್ಲು ತೆಗೆಯೋಕ್ ಮುಂಚೆ ಆಡಿ ಭದ್ರಮ್ಮ. ಆಗ ಯಾರೂ ಇರಲ್ಲ. ಕುರಿಗಳನ್ನ ಅಂಚಿನಿಂದ ತನ್ನಿ, ಒಂಟಿ ಬಿಡ್ಬೇಡಿ" ಎಂದು ಹೇಳಿಕೊಟ್ಟರು. ಭದ್ರಮ್ಮ ಅವರ ಕೈ ಹಿಡಿದುಕೊಂಡಳು. ಆ ದಿನ ತುಮಕೂರಿಗೆ ಮರಳುವ ಬಸ್ಸಿನಲ್ಲಿ ಕೌಸಲ್ಯಮ್ಮನವರಷ್ಟು ಸುಖಿ ಇನ್ನೊಬ್ಬರಿರಲಿಲ್ಲ.

ಗೌರಿಹಬ್ಬ ಕಳೆದ ಮೇಲೆ ಗಂಡ ಹೆಂಡತಿ ಮತ್ತೆ ಗುಬ್ಬಿಗೆ ಹೋದಾಗ ಹೋಟ್ಲಿನ ಜನ ರಸ್ತೆಯವರೆಗೆ ಚೆಲ್ಲಿತ್ತು. ಪೆಟ್ಟಿಗೆಯ ಮುಂದಿದ್ದವನೊಬ್ಬ "ಅಯ್ಯಯ್ಯೋ, ಕಚ್ತು ಕಣ್ಲಾ!" ಎಂದು ಕೈ ಕೊಡವಿ ಎಗರಿದ. ಸುತ್ತಲಿನವರು ಕೇಕೆ ಹಾಕಿದರು.

ರಾಮಾಂಜಿನಯ್ಯ ಓಡಿಬಂದು ವೆಂಕಟೇಶಯ್ಯನಿಗೆ ಕೈಮುಗಿದ. "ಏನ್ ತಲೆ ಸ್ವಾಮಿ ನಿಮ್ದು! ಹುಲಿ ಕುರಿ ತಿಂದ್ರೆ ಆಡೋನ್ ಕೈಗೂ ಕಚ್ಚೋ ಹಂಗ್ ಮಾಡಿದೀರಲ್ಲ! ಮೊದ್ಲು ನಂಗೆ ತಿಳೀಲೇ ಇಲ್ಲ. ವೈರು ತಿರುಗ್ಸಿ ಸಿಗಿಸ್ದಾಗ್ಲೇ ಗೊತ್ತಾಗಿದ್ದು."

ಕೌಸಲ್ಯಮ್ಮ ಗೋಡೆಯತ್ತ ನೋಡಿದರು. ಹೋಟ್ಲಿನಲ್ಲಿದ್ದದ್ದು ಎರಡು ತೂತಿನ ಹಳೆಯ ಸಾಕೆಟ್ಟು. ಮೂರು ಪಿನ್ನಿನ ಪ್ಲಗ್ಗು ಹೋಗದ್ದಕ್ಕೆ ರಾಮಾಂಜಿನಯ್ಯ ಅದರ ತಲೆಯನ್ನೇ ಕತ್ತರಿಸಿ, ಬರೀ ವೈರುಗಳನ್ನು ತೂತಿಗೆ ತುರುಕಿ, ಅಲ್ಲಾಡದಂತೆ ಬೆಂಕಿಕಡ್ಡಿ ಚುಚ್ಚಿದ್ದ. ನಮ್ಮ ಸೀಮೆಯಲ್ಲಿ ಗ್ರೈಂಡರಿಗೂ ಮೈಕ್‌ಸೆಟ್ಟಿಗೂ ಎಲ್ಲರೂ ಮಾಡುವುದೇ ಹಾಗೆ. ಯಾವ ವೈರು ಯಾವ ತೂತಿಗೆ ಎಂದು ಕೇಳಿದವರುಂಟೇ? ಸಣ್ಣಗೆ ಜುಮ್ಮೆನ್ನುವುದು ಆಡುವಾಗಲೆಲ್ಲ ಇತ್ತು. ಕುರಿ ಸತ್ತಾಗ ಹತಾಶೆಯಿಂದ ತಗಡನ್ನು ಒತ್ತಿ ಹಿಡಿಯುತ್ತಿದ್ದರಲ್ಲ, ಆಗ ಜೋರಾಗಿ ತಾಗುತ್ತಿತ್ತು. ಜನ ಅದನ್ನು ಹುಲಿಯ ಹಲ್ಲು ಎಂದುಕೊಂಡರು.

ವೆಂಕಟೇಶಯ್ಯ ವೈರು ಕಿತ್ತೆಸೆದರು. "ಇದು ಆಟ ಅಲ್ಲಯ್ಯಾ, ಕರೆಂಟು! ಒದ್ದೆ ಕಾಲಲ್ಲಿ ಮುಟ್ಟಿದ್ರೆ ಪ್ರಾಣ ಹೋಗತ್ತೆ!"

"ಅದಕ್ಕೇ ಕೆಳಗೆ ಗೋಣಿಚೀಲ ಹಾಸಿವ್ನಲ್ಲ ಸ್ವಾಮಿ. ಬರಿಗಾಲಲ್ಲಿ ಆಡಂಗಿಲ್ಲ ಅಂತ ರೂಲ್ಸೂ ಮಾಡಿವ್ನಿ. ಇಷ್ಟು ದಿನದಲ್ಲಿ ಯಾರಿಗ್ ಏನಾಗೈತೆ?"

ರಾಮಾಂಜಿನಯ್ಯ ಕೆಟ್ಟವನಲ್ಲ. ಅವನಿಗೆ ನಿಜವಾಗಿಯೂ ಅದರಲ್ಲಿ ಅಪಾಯವೇ ಕಾಣುತ್ತಿರಲಿಲ್ಲ, ಭಯ ಹುಟ್ಟಿಸುವಂಥದ್ದು ಅದೇ. ವೆಂಕಟೇಶಯ್ಯ ಅಲ್ಲೇ ಪೇಟೆಯಿಂದ ಮೂರು ತೂತಿನ ಸಾಕೆಟ್ಟು ತಂದು ಕೂರಿಸಿ, ಹೊಸ ಪ್ಲಗ್ಗು ಹಾಕಿ, ಇದನ್ನು ಮುಟ್ಟಕೂಡದೆಂದು ಆಣೆ ಹಾಕಿಸಿಕೊಂಡರು. ಕೌಸಲ್ಯಮ್ಮ ಗಂಡನನ್ನು ಪಕ್ಕಕ್ಕೆ ಕರೆದರು.

"ರೀ, ಪೆಟ್ಟಿಗೆ ವಾಪಸ್ ತಗೊಂಡ್ ಹೋಗೋಣ."

"ಅವನು ಕೊಂಡ್ಕೊಂಡಿರೋ ವಸ್ತು ಕಣೇ. ಹ್ಯಾಗೆ ಹೊತ್ಕೊಂಡ್ ಹೋಗಲಿ? ಟ್ರಾನ್ಸ್‌ಫಾರ್ಮರು ಬಂದ ತಕ್ಷಣ ಹಾಕಿಬಿಡ್ತೀನಿ."

ಅಷ್ಟರಲ್ಲಿ ಭದ್ರಮ್ಮ ಬಂದಳು. "ನಿನ್ನೆ ಹುಲೀನ ಕಟ್ಟಾಕ್ದೆ ಟೀಚರಮ್ಮ. ದಿನಾ ಬೆಳಿಗ್ಗೆ ಆಡ್ತೀನಿ."

"ನಿಮಗೆ ಕಚ್ಚಲ್ವಾ ಭದ್ರಮ್ಮ?"

"ನಂಗೇನ್ ಕಚ್ಚಲ್ಲ ಬುಡಿ. ಅವ್ರು ತಿರುಗ್ಸೋದು ಜನ ಬಂದ್‌ಮ್ಯಾಕೆ. ರಾತ್ರೆ ಕಿತ್ತಿಡ್ತಾರೆ, ಬೆಳಿಗ್ಗೆ ನಾನ್ ಕಚ್ದಂಗೆ ಸಿಗಿಸ್ಕಳ್ತೀನಿ."

ಮುಟ್ಟಬೇಡಿ ಎಂದು ಆಗಲೇ ಹೇಳಬೇಕಿತ್ತು. ಕೌಸಲ್ಯಮ್ಮ ಬಾಯಿ ತೆರೆದರು ಕೂಡ. ಹೊಸ ಪ್ಲಗ್ಗು ಹಾಕಿದ್ದಾಗಿದೆ, ಪಾಪ, ಸುಮ್ಮನೆ ಯಾಕೆ ಹೆದರಿಸಲಿ ಎಂದು ಮನಸ್ಸು ಸಮಜಾಯಿಷಿ ಹೇಳಿತು. ಅದರ ಕೆಳಗೆ ಇನ್ನೊಂದು ಮಾತಿತ್ತು. ಇಡೀ ಗುಬ್ಬಿಯಲ್ಲಿ ಆಟವನ್ನು ಆಟವಾಗಿ ಆಡುತ್ತಿದ್ದವಳು ಭದ್ರಮ್ಮ ಒಬ್ಬಳೇ. ಅವಳೂ ಬಿಟ್ಟರೆ ಉಳಿಯುವುದೇನು?

ಹಲ್ಲು ಕಿತ್ತ ಹುಲಿಯನ್ನು ಜನ ಮೂಸಲಿಲ್ಲ. "ಏನಣ್ಣ, ನಿನ್ ಹುಲಿ ಮುದಿಯಾಯ್ತಾ?" ಎಂದು ಲಾರಿಯವರು ರಾಮಾಂಜಿನಯ್ಯನನ್ನು ಗೇಲಿ ಮಾಡಿದರು. ಕೆಲವು ದಿನ ತಡೆದುಕೊಂಡ. ಆಮೇಲೆ ಆಣೆಯನ್ನೂ ಪ್ಲಗ್ಗನ್ನೂ ಒಟ್ಟಿಗೆ ಕತ್ತರಿಸಿದ. ತುಮಕೂರಿನವರಿಗೆ ಇದು ತಿಳಿಯಲಿಲ್ಲ. ಆದರೂ ಕೌಸಲ್ಯಮ್ಮ ಪಾಠದ ನಡುವೆ ಸೀಮೆಸುಣ್ಣ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕಿಟಕಿಯಾಚೆ ನೋಡುತ್ತಿದ್ದರಂತೆ. ಮಳೆ ಶುರುವಾಗಿತ್ತು.

ಒಂದು ಸಂಜೆ ಹೋಟ್ಲಿನಲ್ಲಿ ವಿಪರೀತ ಜನ. ರಾಮಾಂಜಿನಯ್ಯ ತಿರುಗಿಸಿದ ವೈರು ಕೀಳುವುದನ್ನು ಮರೆತು ಸ್ವಿಚ್ಚು ಮಾತ್ರ ಆರಿಸಿ ಮಲಗಿದ. ಬೆಳಿಗ್ಗೆ ಭದ್ರಮ್ಮ ಎಂದಿನಂತೆ ಸೀರೆ ಎತ್ತಿಕಟ್ಟಿ ನೆಲ ತೊಳೆದಳು. ಗೋಣಿಚೀಲವೂ ನೆನೆದು ತೊಪ್ಪೆಯಾಗಿತ್ತು. ವೈರು ಸರಿಯಾಗಿ ಸಿಗಿಸಿಯೇ ಇದೆಯೆಂದುಕೊಂಡು ಸ್ವಿಚ್ಚು ಹಾಕಿ, ಚೀಲದ ಮೇಲೆ ನಿಂತು ತಗಡಿಗೆ ಅಂಗೈ ಊರಿದಳು.

ಸುದ್ದಿಯನ್ನು ಗುಬ್ಬಿ ಬಸ್ಸಿನ ಕಂಡಕ್ಟರೊಬ್ಬ ಶಾಲೆಗೆ ತಂದು ಮುಟ್ಟಿಸಿದ. ಗಂಡ ಹೆಂಡತಿ ಹೋಗಿ ನೋಡಿದಾಗ ಭದ್ರಮ್ಮನನ್ನು ಹೋಟ್ಲಿನ ಮುಂದೆ ಮಲಗಿಸಿದ್ದರು. ಬಲಗೈ ಇನ್ನೂ ಮಡಚಿಕೊಂಡೇ ಇತ್ತು. ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ಆಯಸ್ಸು ಮುಗಿದಿತ್ತು, ನೆಪಕ್ಕೊಂದು ಪೆಟ್ಟಿಗೆ ಎಂದು ಹಿರಿಯರು ಹೇಳುತ್ತಿದ್ದರು.

ರಾಮಾಂಜಿನಯ್ಯ ಕೌಸಲ್ಯಮ್ಮನವರನ್ನು ಕಂಡು ಎದ್ದುನಿಂತ. "ಟೀಚರಮ್ಮ ಹೇಳವ್ರೆ ಬೆಳಿಗ್ಗೆ ಆಡು ಅಂತ, ಅನ್ನೋಳು. ಒಂದಿನಾನೂ ತಪ್ಪಿಸ್ಲಿಲ್ಲ ಕಣ್ರವ್ವ. ನಿಮ್ ಮಾತಂದ್ರೆ ಅಷ್ಟು ಗೌರವ ಅವ್ಳಿಗೆ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಕೆನ್ನೆಗೆ ಹೊಡೆದಿದ್ದರೆ ಕೌಸಲ್ಯಮ್ಮ ತಡೆದುಕೊಳ್ಳುತ್ತಿದ್ದರು. ಇದನ್ನು ತಡೆಯಲಾಗದೆ ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತರು.

ಟ್ರಾನ್ಸ್‌ಫಾರ್ಮರು ಬಂತು. ಅದನ್ನು ಯಾರೂ ಬಿಚ್ಚಿ ನೋಡಲಿಲ್ಲ. ವೆಂಕಟೇಶಯ್ಯ ಟೀವಿ ರಿಪೇರಿ ನಿಲ್ಲಿಸಿದರು. ಹೀಗಿರುವಾಗ ಒಬ್ಬ ಮನುಷ್ಯ ಮನೆ ಹುಡುಕಿಕೊಂಡು ಬಂದ.

"ನಾನು ಪುಟ್ಟರಂಗಯ್ಯ ಅಂತ. ಕುಣಿಗಲ್ ಬಸ್‌ಸ್ಟ್ಯಾಂಡ್ ಹತ್ರ ಸೈಕಲ್ ಶಾಪು. ಗುಬ್ಬಿಯೋರು ಇನ್ನದನ್ನ ಕಣ್ಣಲ್ಲಿ ನೋಡಕ್ಕಾಗಲ್ಲ ಅಂದ್ರು, ಪೆಟ್ಗೇನ ನಾನ್ ತಂದೆ. ಯಾವ್ ಕಡೆ ಸಿಗಿಸಿದ್ರೆ ಕಚ್ತದೆ ಅಂತ ಹೇಳ್ಬುಡಿ ಸ್ವಾಮಿ, ಸಾಕು."

ವೆಂಕಟೇಶಯ್ಯ ಎದ್ದುನಿಂತರು. "ಅದು ಒಂದು ಹೆಣ್ಣುಮಗಳನ್ನ ಕೊಂದಿದೆ! ಹೊರಗ್ ನಡಿ!"

"ಒದ್ದೆ ಕಾಲಲ್ಲಿ ನಿಂತ್ರೆ ಪೆಟ್ಗೆ ಏನ್ ಮಾಡೀತು? ನಾವು ಹೆಂಗಸ್ರನ್ನ ಹತ್ರ ಸೇರ್ಸಲ್ಲ" ಎಂದು ಪುಟ್ಟರಂಗಯ್ಯ ಚಪ್ಪಲಿ ಮೆಟ್ಟಿದ. "ತಿರುಗ್ಸಿ ತಿರುಗ್ಸಿ ನೋಡಿದ್ರೆ ತಾನೇ ತಿಳೀತದೆ ಬುಡಿ."

ಮರುದಿನ ಗಂಡ ಕೆಲಸಕ್ಕೆ ಹೋದ ಮೇಲೆ ಕೌಸಲ್ಯಮ್ಮ ಶಾಲೆಗೆ ರಜೆ ಹಾಕಿ, ಚೀಲದಲ್ಲಿ ಸ್ಕ್ರೂಡ್ರೈವರಿಟ್ಟುಕೊಂಡು ಕುಣಿಗಲ್ ಬಸ್ಸು ಹತ್ತಿದರು. ಪೆಟ್ಟಿಗೆ ಸೈಕಲ್ ಶಾಪಿನ ಮುಂದೆಯೇ ನಿಂತಿತ್ತು. ಪುಟ್ಟರಂಗಯ್ಯ ಟೀ ಕುಡಿಯಲು ಹೋಗಿದ್ದ. ವೈರು ಕಿತ್ತು, ಹಿಂಬದಿಯ ಹಲಗೆ ಬಿಚ್ಚಿ, ಐಸಿಯನ್ನು ಮೀಟಿ ತೆಗೆದರು. ಅವರ ಹುಲಿಯೆಲ್ಲ ಅದರಲ್ಲೇ ಇತ್ತು, ಲೋಕದಲ್ಲಿ ಇನ್ನೆಲ್ಲೂ ಇರಲಿಲ್ಲ. ಒಂದು ಗಳಿಗೆ ಅಂಗೈಯಲ್ಲಿ ಹಿಡಿದು ನೋಡಿದರು. ಆಮೇಲೆ ಕಲ್ಲಿನ ಮೇಲಿಟ್ಟು ಸೈಕಲ್ ಶಾಪಿನ ಸುತ್ತಿಗೆಯಿಂದಲೇ ಜಜ್ಜಿ ಪುಡಿ ಮಾಡಿದರು. ದುಃಖವಾಯಿತು, ಅದಕ್ಕಿಂತ ಹೆಚ್ಚಾಗಿ ಹಗುರವಾಯಿತು. ಆಟವೇ ಇಲ್ಲದ ಪೆಟ್ಟಿಗೆಯ ಹತ್ತಿರ ಯಾರು ಬರುತ್ತಾರೆ?

ಊರಿಗೆ ಹಿಂತಿರುಗುವ ಬಸ್ಸಿನಲ್ಲಿ, ಸೈಕಲ್ ಶಾಪು ಕಾಣುವ ಕಿಟಕಿಯ ಪಕ್ಕ ಕೂತರು. ಪುಟ್ಟರಂಗಯ್ಯ ಬಂದ. ಬಿದ್ದಿದ್ದ ವೈರನ್ನು ನೋಡಿ ಯಾರನ್ನೋ ಬೈದು, ತೂತಿಗೆ ತುರುಕಿ ಬೆಂಕಿಕಡ್ಡಿ ಚುಚ್ಚಿದ. ಪರದೆ ಬೆಳ್ಳಗೆ ಹೊತ್ತಿಕೊಂಡಿತು. ಹುಲಿಯಿಲ್ಲ, ಕುರಿಯಿಲ್ಲ. ಒಬ್ಬ ಬಂದು ತಗಡಿನ ಮೇಲೆ ಕೈಯಿಟ್ಟು ಎಗರಿ ನಕ್ಕ. ಅವನ ಹಿಂದೆ ಇನ್ನೊಬ್ಬ ನಿಂತ, ಆಮೇಲೆ ಮತ್ತೊಬ್ಬ. ಬಿಳೀ ಪರದೆಯ ಮುಂದೆ ಸಾಲು ಬೆಳೆಯಿತು. ಜನ ಜಾಸ್ತಿಯಾದರೆಂದು ಪುಟ್ಟರಂಗಯ್ಯ ಧೂಳು ಏಳದಂತೆ ಬಿಂದಿಗೆ ತಂದು ನೆಲಕ್ಕೆ ನೀರು ಚಿಮುಕಿಸತೊಡಗಿದ.

ಬಸ್ಸು ಹೊರಟಿತ್ತು. ಕೌಸಲ್ಯಮ್ಮ ಕೂಗಿಕೊಂಡು ಇಳಿದು ಓಡಿದರು. ಗಂಡಸರನ್ನು ತಳ್ಳಿ ನುಗ್ಗಿ, ವೈರು ಕಿತ್ತು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತರು.

"ಇದು ನಾನು ಮಾಡಿದ್ದು ಕಣ್ರಪ್ಪಾ. ಗುಬ್ಬೀಲಿ ಭದ್ರಮ್ಮ ಅನ್ನೋರನ್ನ ಕೊಂದಿದೆ. ನಾನೇ ಅವರಿಗೆ ಆಡಿ ಅಂದಿದ್ದು. ನಿಮ್ ಕಾಲಿಗೆ ಬೀಳ್ತೀನಿ, ಮುಟ್ಟಬೇಡಿ!"

ಸಾಲಿನ ಮುಂದಿದ್ದವನು ವಯಸ್ಸಾದವನು, ಬರಿಗಾಲಿನವನು, ಮರ್ಯಾದಸ್ಥ. ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು ವಿನಯದಿಂದ ಮುಂದೆ ಬಂದ.

"ಅದೆಲ್ಲ ಸರಿ ತಾಯಿ" ಎಂದು ಕೈ ಚಾಚಿದ. "ವೈರು ಕೊಡಿ, ಈ ಸಲ ನನ್ ಸರದಿ."